ಹಿಂದೆ ಯಾರಾನ ಅದಾರಾ?

ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲು ಈಗ ಸಂಜೆಯಾದರೆ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಅಟೆಂಡರ್ ಬರುತ್ತಾನೆ, ಬಾಗಿಲು ಎಳೆಯುತ್ತಾನೆ, ಬೀಗ ಹಾಕಿಕೊಂಡು ಹೋಗುತ್ತಾನೆ. ಅವರಿದ್ದ ಕಾಲದಲ್ಲಿ ಇದು ಇಷ್ಟು ಹಗುರದ ಕೆಲಸವಾಗಿರಲಿಲ್ಲ. ಬೀಗದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಬಂದು ಬಾಗಿಲ ಅಂಚಿನಲ್ಲಿ ನಿಲ್ಲುತ್ತಿದ್ದರು. ಬಲಗೈಯ ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿ, ಗದ್ದವನ್ನು ಒಂದಿಷ್ಟು ಮೇಲೆತ್ತಿ, "ಹಿಂದೆ ಯಾರಾನ ಅದಾರಾ?" ಎಂದು ಕೇಳುತ್ತಿದ್ದರು. ಒಳಗೆ ಮೇಜು, ಕುರ್ಚಿ, ಬೀರು ಬಿಟ್ಟರೆ ನರಪಿಳ್ಳೆ ಇರುತ್ತಿರಲಿಲ್ಲ. ಆದರೂ ಕೇಳಬೇಕು. "ಯಾರೂ ಇಲ್ರೀ ಸಾರ್" ಎಂದು ಅಟೆಂಡರ್ ಬಾಯಿಬಿಟ್ಟು ಹೇಳಬೇಕು. ಸುಮ್ಮನೆ ತಲೆ ಅಲ್ಲಾಡಿಸಿದರೆ ಒಪ್ಪುತ್ತಿರಲಿಲ್ಲ.

ಅವರು ಹೋದ ತಿಂಗಳು ತೀರಿಕೊಂಡರು. ರಾಜ್ಯಶಾಸ್ತ್ರದ ಮೇಷ್ಟ್ರು. ಅದಕ್ಕೂ ಮೊದಲು ಮಿಲಿಟರಿಯಲ್ಲಿ ಹವಾಲ್ದಾರ್. ಅದಕ್ಕೂ ಮೊದಲು, ಮೊಳಕಾಲ್ಮೂರಿನ ಆಚೆ ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಟ್ಟಿಯಲ್ಲಿ ದನ ಕಾಯುವ ಮನೆಯ ಹಿರಿಮಗ. ಚಳ್ಳಕೆರೆಯ ನಮ್ಮ ಪಿಯು ಕಾಲೇಜಿನಲ್ಲಿ ನಾನು ಇತಿಹಾಸ ಹೇಳುತ್ತೇನೆ. ಪಕ್ಕದ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ಅವರ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿಂದಿದ್ದೇನೆ, ಜಗಳವನ್ನೂ ಆಡಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಬರೆದರೆ ಊರಿನ ಮುಂದಾಳುಗಳು ಅವರ ಫೋಟೋ ಹುಡುಕಿ ಬ್ಯಾನರ್ ಕಟ್ಟಿಸುತ್ತಾರೆ, ಅದರಲ್ಲಿ ತಮ್ಮ ಫೋಟೋವನ್ನು ದೊಡ್ಡದಾಗಿ ಹಾಕಿಸಿಕೊಳ್ಳುತ್ತಾರೆ. ಅವರಿಗೆ ಅದು ಹಿಡಿಸುತ್ತಿರಲಿಲ್ಲ.

ತೆಳ್ಳಗೆ, ಎತ್ತರದ ಆಳು. ಚಳ್ಳಕೆರೆಯ ಧೂಳಿನಲ್ಲಿ ದಿನಾ ಶೂಗೆ ಪಾಲಿಶ್ ಹಾಕುವವರು ಹೊಸ ಮದುಮಕ್ಕಳನ್ನು ಬಿಟ್ಟರೆ ಅವರೊಬ್ಬರೇ. ಚಳಿಗಾಲ ಬಂತೆಂದರೆ ಇಸ್ತ್ರಿ ಮಾಡಿದ ಶರ್ಟಿನ ಮೇಲೆ ನಮ್ಮೂರ ಕರಿ ಕಂಬಳಿ ಹೊದ್ದು ಬರುತ್ತಿದ್ದರು. ಕೆಳಗೆ ಫಳಫಳ ಶೂ, ಮೇಲೆ ಕಂಬಳಿ. ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲರಿಗೆ ಇದು ಸರಿಬರಲಿಲ್ಲ. "ಏನ್ರೀ ಇದು, ಕುರಿ ಕಾಯಾಕೆ ಬಂದಂಗೆ ಬರ್ತೀರಲ್ಲ" ಎಂದರು. "ಹೌದ್ರಿ ಸಾರ್, ಅದಕ್ಕೇ ಸರ್ಕಾರ ಸಂಬಳ ಕೊಡ್ತೈತೆ" ಎಂದು ಇವರು ನಗದೆ ಹೇಳಿದರು. ಪ್ರಿನ್ಸಿಪಾಲರು ಆಮೇಲೆ ಕಂಬಳಿಯ ತಂಟೆಗೆ ಹೋಗಲಿಲ್ಲ.

ಫೋನಿನಲ್ಲಿ ತಮ್ಮನ ಜೊತೆ ಅರ್ಧ ತೆಲುಗು, ಅರ್ಧ ಕನ್ನಡ. ತಮ್ಮ ಹಟ್ಟಿ ಬಿಟ್ಟು ಹೋದವನಲ್ಲ, ದನಗಳ ಜೊತೆಯಲ್ಲೇ ಉಳಿದವನು. ಇವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ, "ಆವುಲು ವಚ್ಚಿನಾಯಾ?" ದನ ಬಂದವಾ ಎಂದು. ಅವನ ಹೆಂಡತಿ ಮಕ್ಕಳ ಸಮಾಚಾರವೆಲ್ಲ ಆಮೇಲೆ. ನಮ್ಮ ಮನೆಯಲ್ಲಿ ಉರ್ದು, ಅವರ ಮನೆಯಲ್ಲಿ ತೆಲುಗು, ಇಬ್ಬರೂ ಹೊಟ್ಟೆಪಾಡಿಗೆ ಕನ್ನಡ ಎಂದು ನಾನು ಚುಡಾಯಿಸುತ್ತಿದ್ದೆ. "ಹೊಟ್ಟೆಪಾಡಿಗೆ ಅಲ್ಲ ಸಾಬ್ರೇ, ಜಗಳಕ್ಕೆ" ಎನ್ನುತ್ತಿದ್ದರು. ಜಗಳ ಕನ್ನಡದಲ್ಲಿ ಚೆನ್ನಾಗಿಯೇ ಆಡುತ್ತಿದ್ದೆವು.

ಒಂದು ಭಾನುವಾರ ಅವರ ಹಟ್ಟಿಗೆ ಊಟಕ್ಕೆ ಕರೆದಿದ್ದರು. ಮುದ್ದೆ ಉಂಡು, ಬೇವಿನ ಮರದ ಕೆಳಗೆ ಒಂದು ಕೋಳಿನಿದ್ದೆ ತೆಗೆದು ಏಳುವ ಹೊತ್ತಿಗೆ ಬಿಸಿಲು ಇಳಿದಿತ್ತು. ದನಗಳು ಗುಡ್ಡದಿಂದ ಇಳಿದು ಬರುತ್ತಿದ್ದವು. ಮನೆಯ ಪಕ್ಕದಲ್ಲಿ ಜಾಲಿ ಮುಳ್ಳಿನ ಬೇಲಿ ಕಟ್ಟಿದ ರೊಪ್ಪ, ಅಂದರೆ ದನ ಕೂಡುವ ಜಾಗ. ಅದರ ಬಾಗಿಲೆಂದರೆ ಒಂದು ದೊಡ್ಡ ಮುಳ್ಳಿನ ಕಂಟಿ ಅಷ್ಟೆ. ತಮ್ಮ ಕಂಟಿಯನ್ನು ಪಕ್ಕಕ್ಕೆ ಎಳೆದು ನಿಂತಿದ್ದ. ದನಗಳ ಹಿಂದೆ ಒಂದು ಕಂದು ಕರು ಬಂತು. ಬಣ್ಣದಲ್ಲೂ ಕೊರಳ ಹಗ್ಗದಲ್ಲೂ ಅದು ಈ ಮನೆಯದಲ್ಲ ಎಂದು ನನಗೇ ಗೊತ್ತಾಗುವಂತಿತ್ತು. ಅವನು ಅದನ್ನೂ ಒಳಗೆ ಬಿಟ್ಟ.

"ಯಾರದಪ್ಪ ಇದು?" ಎಂದೆ.

"ಬೆಳಿಗ್ಗೆ ಕೇಳಾನ ಬಿಡ್ರಿ ಸಾಬ್ರೇ" ಎಂದು ಕಂಟಿ ಎಳೆದು ಬಾಗಿಲು ಮುಚ್ಚಿದ.

ಹೊತ್ತು ಮುಳುಗುವಾಗ ರೊಪ್ಪದ ಬಾಗಿಲಿಗೆ ಬಂದ ಜೀವವನ್ನು ಯಾರದೆಂದು ಕೇಳಬಾರದು. ಎಣಿಸಲೂ ಬಾರದು. ಮೊದಲು ಒಳಗೆ ಬಿಡಬೇಕು, ಬೆಳಕು ಹರಿದ ಮೇಲೆ ಕೇಳಬೇಕು. ಅವರ ಮನೆತನದಲ್ಲಿ ಅಪ್ಪ, ಅಜ್ಜನ ಕಾಲದಿಂದ ನಡೆದುಬಂದ ಕಟ್ಟಳೆ ಇದು. "ಗುಡ್ಡದಾಗೆ ತೋಳ ಐತೆ. ಅದೇನು ಯಾರ ಕರ ಅಂತ ಕೇಳಿ ತಿಂತೈತಾ?" ಎಂದು ತಮ್ಮ ನಕ್ಕ. ಅಣ್ಣ ನಗಲಿಲ್ಲ. ಮುಚ್ಚಿದ ಬಾಗಿಲಿನ ಆಚೆ, ದನ ಬಂದ ದಾರಿಯನ್ನೇ ನೋಡುತ್ತ ನಿಂತಿದ್ದರು. ನಾನು ಅದಕ್ಕೆ ಆಗ ಹೆಚ್ಚಿನ ಅರ್ಥ ಕೊಡಲಿಲ್ಲ.

ತರಗತಿಯಲ್ಲಿ ಅವರು ಬೇರೆಯೇ ಮನುಷ್ಯ. ಸ್ಟಾಫ್ ರೂಮಿನಲ್ಲಿ ಎರಡು ಮಾತಾಡಿದರೆ ಅಲ್ಲಿ ಇಪ್ಪತ್ತು. ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಬಂದಾಗ ಅವರ ದನಿ ನನ್ನ ತರಗತಿಯವರೆಗೂ ಕೇಳುತ್ತಿತ್ತು. ನನ್ನ ಹುಡುಗರು ನನ್ನ ಪಾಠ ಬಿಟ್ಟು ಗೋಡೆಯಾಚೆಗಿನ ಪಾಠ ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ ಎನ್ನುವುದು ಬೇರೆ ಮಾತು.

"ಒಬ್ಬ ತನ್ನ ಮನೆ ಒಳಗೆ ಹೆಂಡ್ತಿ ಮಕ್ಕಳನ್ನ ಸಾಯೋ ಹಂಗೆ ಹೊಡಿತಾವ್ನೆ. ಮನೆ ಅವ್ನದು, ಖಾತೆ ಅವ್ನ ಹೆಸರಿನಾಗೇ ಐತೆ. ಪಕ್ಕದ ಮನೇಲಿ ನೀನಿದ್ದೀಯ. ಏನ್ಮಾಡ್ತೀಯ?"

"ಅದು ಅವ್ರ ಮನೆ ವಿಷ್ಯ ಸಾರ್" ಎಂದ ಒಬ್ಬ.

"ಕೂಗು ನಿನ್ ಮನೆಗೆ ಬಂತಲ್ಲ. ಕೂಗು ಯಾರ್ ಮನೇದು?"

ಹಿಂದಿನ ಬೆಂಚಿನ ಗಟ್ಟಿಗನೊಬ್ಬ ಎದ್ದ. "ಬಾಗ್ಲು ಒದ್ದು ಒಳಿಕ್ಕೆ ಹೋಗ್ತೀನಿ ಸಾರ್!"

"ಹೋಗು, ಶಹಬ್ಬಾಸ್. ಮೊದ್ಲು ಒಂದು ಹೇಳು. ಅವ್ನ ಸೈಟಿನ ಮ್ಯಾಲೆ ನಿಂಗೇನಾನ ಕಣ್ಣೈತಾ?"

ಎರಡೂ ತರಗತಿಗಳು ಒಟ್ಟಿಗೆ ನಕ್ಕವು. ನಗು ಇಳಿದ ಮೇಲೆ ಅವರು ಪಾಠಕ್ಕೆ ಬರುತ್ತಿದ್ದರು. ತನ್ನ ಜನರನ್ನು ಕಾಯುವುದು ಮೊದಲು ಆಯಾ ಸರ್ಕಾರದ ಹೊಣೆ. ಕೈಲಾಗದಿದ್ದರೆ ಉಳಿದ ದೇಶಗಳು ಕೈಜೋಡಿಸಬೇಕು. ಕಾಯಬೇಕಾದ ಸರ್ಕಾರವೇ ಕೊಲ್ಲುವುದಕ್ಕೆ ನಿಂತರೆ, ಇಲ್ಲವೇ ಕೊಲ್ಲುವವರನ್ನು ನೋಡುತ್ತ ಕೂತರೆ, ಜಗತ್ತು ಅದು ಅವರ ಮನೆಯ ವಿಷಯ ಎಂದು ಕೈಕಟ್ಟಿ ಕೂರುವಂತಿಲ್ಲ. ಹಾಗೆಂದು ನೆರವಿನ ನೆಪದಲ್ಲಿ ಸಿಕ್ಕ ಸಿಕ್ಕವರ ಮನೆಗೆ ನುಗ್ಗುವಂತೆಯೂ ಇಲ್ಲ. "ಇದನ್ನ ದೇಶಗಳೆಲ್ಲ ಕೂತು ಒಪ್ಕಂಡವೆ. ಪರೀಕ್ಷೆಗೆ ಹಂಗೇ ಬರೀರಿ, ಮಾರ್ಕ್ಸ್ ಕೊಡ್ತಾರೆ. ಯಾರು ಮೊದ್ಲು ಎದ್ದು ಹೋಗ್ಬೇಕು ಅನ್ನೋದೊಂದು ಮಾತ್ರ ಅದ್ರಾಗೆ ಬರ್ದಿಲ್ಲ" ಎಂದು ಮುಗಿಸುತ್ತಿದ್ದರು.

"ನಿಮ್ಮ ಪಾಠ ಚೆನ್ನ ಸಾರ್. ಹೆಣ ಬೀಳೋಕೆ ಮುಂಚೆ ಓಡ್ಬೇಕು ಅಂತೀರಿ. ನಮ್ಮ ಇತಿಹಾಸದೋರು ನಿಧಾನಸ್ಥರು, ಬಿದ್ದ ಮೇಲೆ ಹೋಗಿ ಇಸವಿ ಬರ್ಕೋತೀವಿ" ಎಂದು ನಾನು ಒಮ್ಮೆ ಕೆಣಕಿದೆ. ಅವರು ಮಂಡಕ್ಕಿಯ ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿ, "ಬರ್ಕೊಳ್ಳೋರೂ ಬೇಕು ಬಿಡ್ರಿ" ಎಂದರು. ಆ ದಿನ ನಾನು ಮಂಡಕ್ಕಿ ಮುಟ್ಟಲಿಲ್ಲ.

ಪರೀಕ್ಷೆಯ ಕೆಲಸಕ್ಕೆ ನಮ್ಮಿಬ್ಬರನ್ನೂ ಒಂದು ವರ್ಷ ನಾಯಕನಹಟ್ಟಿಗೆ ಹಾಕಿದ್ದರು. ಬಸ್ಸಿನಲ್ಲಿ ಕುದಾಪುರದ ವಿಜ್ಞಾನ ಸಂಸ್ಥೆಗಳ ಉದ್ದನೆಯ ಕಾಂಪೌಂಡ್ ಬಂದಾಗಲೆಲ್ಲ ಅವರು ಕಿಟಕಿಗೆ ಅಂಟಿಕೊಳ್ಳುತ್ತಿದ್ದರು. ಏನು ನೋಡುತ್ತೀರಿ ಎಂದರೆ, "ಏನಿಲ್ಲ, ಬಾಗ್ಲು ಎಲ್ಲೆಲ್ಲಿ ಐತೆ ಅಂತ" ಎನ್ನುತ್ತಿದ್ದರು. ಬಾಗಿಲುಗಳ ಹುಚ್ಚು ಅಷ್ಟಿತ್ತು. ಹುಡುಗರು ಅವರಿಗೆ 'ಬಾಗ್ಲು ಸಾರ್' ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು.

ಪರೀಕ್ಷೆಯಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡಬಾರದೆಂಬ ನಿಯಮವಿದೆ. ಗೇಟಿನ ಕಂಬಿ ಹಿಡಿದು ಅಳುವ ಒಂದಾದರೂ ಮಗು ಪ್ರತಿ ವರ್ಷ ಇರುತ್ತದೆ. ಇವರು ನಿಯಮವನ್ನು ಮುರಿಯುತ್ತಾರೆ, ನನ್ನನ್ನೂ ಜೊತೆಗೆ ಸಿಕ್ಕಿಸುತ್ತಾರೆ ಎಂದು ನನಗೆ ಒಳಗೊಳಗೇ ಪುಕಪುಕ. ಅವರು ಹಾಗೇನೂ ಮಾಡಲಿಲ್ಲ. ನಮ್ಮ ಕೆಲಸ ಶುರುವಾಗುವುದಕ್ಕೆ ಬಹಳ ಮೊದಲೇ ಯಾರದೋ ಬೈಕು ಇಸಕೊಂಡು ಬಸ್ ಸ್ಟ್ಯಾಂಡಿಗೂ ಅದರಾಚೆಯ ಕ್ರಾಸಿಗೂ ಹೋಗಿ, ಆಟೊ ಸಿಗದೆ ನಿಂತ ಮಕ್ಕಳನ್ನು ಹತ್ತಿಸಿಕೊಂಡು ಬಂದು ಇಳಿಸುತ್ತಿದ್ದರು. ಪರೀಕ್ಷೆ ಮುಗಿಯುವವರೆಗೆ ಆ ವರ್ಷ ಗೇಟಿನ ಹೊರಗೆ ಯಾರೂ ಉಳಿಯಲಿಲ್ಲ. "ಮುಚ್ಚೋ ಹೊತ್ನಾಗೆ ಕೈ ಕೈ ಹಿಸುಕ್ಕೊಂಡ್ರೆ ಏನು ಬಂತು ಸಾಬ್ರೇ, ಅದಕ್ಕೆ ಮುಂಚೇನೇ ಹೋಗ್ಬೇಕು" ಎಂದರು. ಶೂ ಧೂಳಾಗಿತ್ತು. ಕರ್ಚೀಫಿನಿಂದ ಒರೆಸಿಕೊಂಡು ಹಾಲ್‌ಗೆ ಬಂದರು.

ಇನ್ನು ಬ್ರಹ್ಮಗಿರಿಯ ಪ್ರವಾಸದ ದಿನ. ಅಶೋಕನ ಶಾಸನ ತೋರಿಸಲು ಪ್ರಥಮ ಪಿಯು ಮಕ್ಕಳನ್ನು ಒಂದು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆವು. ಮಕ್ಕಳಿಗೆ ಶಾಸನಕ್ಕಿಂತ ಸೆಲ್ಫಿ ಮುಖ್ಯ. ಒಬ್ಬ ಹುಡುಗ ಮಾತ್ರ, "ಇದ್ರಾಗೆ ಯುದ್ಧದಾಗೆ ಸತ್ತೋರ ವಿಷ್ಯ ಐತಾ ಸಾರ್?" ಎಂದು ಕೇಳಿದ. ಆ ಪಶ್ಚಾತ್ತಾಪದ ಮಾತು ಬೇರೆ ಕಡೆಯ ಕಲ್ಲುಗಳಲ್ಲಿದೆ, ಇಲ್ಲಿ ತಂದೆತಾಯಿಯ ಮಾತು ಕೇಳಿ, ಜೀವಗಳ ಮೇಲೆ ದಯೆಯಿರಲಿ, ಸತ್ಯ ನುಡಿಯಿರಿ ಎಂದಷ್ಟೇ ಇದೆ ಎಂದೆ. ಅವರು ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. "ಪಶ್ಚಾತ್ತಾಪ ಪಡಾಕೂ ಒಂದು ಕಲ್ಲು ಸಿಕ್ತಲ್ಲ ಅವ್ನಿಗೆ" ಎಂದು ತಮಗೆ ತಾವೇ ಅಂದುಕೊಂಡರು.

ಇಳಿದು ಬಂದು ಬಸ್ ಹತ್ತಿದೆವು. ಬಿಸಿಲು ಚುರುಗುಟ್ಟುತ್ತಿತ್ತು, ಬಸ್ಸು ಕಾದ ಹೆಂಚಾಗಿತ್ತು. ಡ್ರೈವರ್ ಬಾಗಿಲು ಹಾಕಲು ಹೋದಾಗ ಇವರು ಮೆಟ್ಟಿಲ ಮೇಲೆ ನಿಂತರು, ಹೆಬ್ಬೆರಳು ಹಿಂದಕ್ಕೆ, ಗದ್ದ ಮೇಲಕ್ಕೆ. "ಹಿಂದೆ ಯಾರಾನ ಅದಾರಾ?" ಎಲ್ಲ ಮಕ್ಕಳೂ ರಾಗವಾಗಿ "ಇಲ್ಲಾ ಸಾರ್" ಎಂದವು. ಆ ರಾಗ ಅವರಿಗೆ ಸರಿಬರಲಿಲ್ಲ. ಇಳಿದು ಮತ್ತೆ ಬಂಡೆಗಳ ಕಡೆ ನಡೆದರು. ನಾನು ಕಿಟಕಿಯಿಂದ ಕೂಗಿದೆ, ಕೇಳಿಸಿಕೊಳ್ಳಲಿಲ್ಲ. ಈ ಮನುಷ್ಯನ ಸಹವಾಸ ಸಾಕಪ್ಪ ಎನಿಸಿತು.

ಸ್ವಲ್ಪ ಹೊತ್ತಿಗೆ ಬಂದರು. ಜೊತೆಯಲ್ಲಿ ಭಾಗ್ಯ ಎಂಬ ಹುಡುಗಿ, ಒಂದು ಚಪ್ಪಲಿ ಕಾಲಲ್ಲಿ, ಉಂಗುಷ್ಟ ಕಿತ್ತುಹೋದ ಇನ್ನೊಂದು ಕೈಯಲ್ಲಿ. ಕಾದ ಬಂಡೆಯ ಮೇಲೆ ಬರಿಗಾಲಿಡಲಾಗದೆ ನೆರಳಲ್ಲಿ ಕೂತುಬಿಟ್ಟಿದ್ದಳು. ತರಗತಿಯಲ್ಲಿ ಇದ್ದಾಳೋ ಇಲ್ಲವೋ ಎಂದು ತಿಳಿಯದಷ್ಟು ಮೌನದ ಹುಡುಗಿ.

"ಕೂಗಬಾರದೇನಮ್ಮ?" ಎಂದು ನಾನು ರೇಗಿದೆ.

"ಕಾಯ್ತೀರಿ ಅಂದ್ಕಂಡಿದ್ದೆ ಸಾರ್" ಎಂದಳು ಅವಳು.

ಅವರ ಮುಖ ನೋಡಿದೆ. ಆ ಬಿಸಿಲಿನಲ್ಲೂ ಬಿಳಿಚಿಕೊಂಡಿತ್ತು.

ಸಿದ್ದಾಪುರದ ಟೀ ಅಂಗಡಿಯಲ್ಲಿ ಮಕ್ಕಳೆಲ್ಲ ಬಜ್ಜಿಗೆ ಮುತ್ತಿಕೊಂಡಿದ್ದಾಗ, ಅವರನ್ನು ಪಕ್ಕಕ್ಕೆ ಕರೆದು, "ಅಲ್ರೀ, ನಿಮ್ಮದೇನ್ರೀ ಇದು? ಇದು ಬರೀ ಅಭ್ಯಾಸ ಅಲ್ಲ" ಎಂದೆ. ಅವರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾವ ಆವೇಶವೂ ಇಲ್ಲದೆ ಹೇಳಿದರು. ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿದರು.

ಸೈನ್ಯದಲ್ಲಿದ್ದಾಗ ಅವರನ್ನು ಶಾಂತಿಪಡೆಯ ಜೊತೆ ದೂರದ ಒಂದು ದೇಶಕ್ಕೆ ಕಳಿಸಿದ್ದರು. ತಲೆಗೆ ನೀಲಿ ಟೋಪಿ. ಒಂದು ಸಣ್ಣ ಪಟ್ಟಣದ ಹೊರಗೆ ಮುಳ್ಳುತಂತಿ ಸುತ್ತಿದ ಶಿಬಿರ. ಅಲ್ಲಿ ಒಂದು ಪಂಗಡದವರು ಇನ್ನೊಂದು ಪಂಗಡದವರನ್ನು ಮನೆಮನೆ ಹುಡುಕಿ ಕೊಲ್ಲುತ್ತಿದ್ದರು. ಆ ದೇಶದ ಪೊಲೀಸರು ಯಾವ ಮನೆ ಯಾರದೆಂದು ತೋರಿಸಿಕೊಡುತ್ತಿದ್ದರು. ಶಾಂತಿಪಡೆಗೆ ಇದ್ದ ಆಜ್ಞೆ ಇಷ್ಟು: ಮೇಲಿನವರ ಅಪ್ಪಣೆಯಿಲ್ಲದೆ ಶಿಬಿರದ ಬಾಗಿಲು ತೆಗೆಯುವಂತಿಲ್ಲ, ಒಂದು ಪಂಗಡದವರನ್ನು ಒಳಗೆ ಬಿಟ್ಟರೆ ನಾವು ಅವರ ಪಕ್ಷ ವಹಿಸಿದಂತಾಗುತ್ತದೆ. ಒಂದು ಸಂಜೆ, ಹೊತ್ತು ಮುಳುಗುವ ಹೊತ್ತಿಗೆ, ಒಂದು ಕೇರಿಯ ಜನ ಜೋಳದ ಹೊಲಗಳ ನಡುವಿನಿಂದ ಓಡಿಬಂದು ಬಾಗಿಲಿಗೆ ನಿಂತರು. ಬಾಗಿಲ ಕಾವಲಿಗೆ ಇವರೇ ಇದ್ದರು. ವೈರ್‌ಲೆಸ್ಸಿನಲ್ಲಿ ಕೇಳಿದರು. ಯಾವ ಪಂಗಡದವರು ಎಂದು ವಿಚಾರಿಸಿ ತಿಳಿಸಿ, ಅಲ್ಲಿಯವರೆಗೆ ಕಾಯಿರಿ ಎಂಬ ಉತ್ತರ ಬಂತು.

"ಹೊತ್ತು ಮುಳುಗ್ತಿತ್ತು ಸಾಬ್ರೇ. ನಮ್ಮಪ್ಪ ಹಿಂದ್ಗಡೆ ನಿಂತಂಗಾತು. ವಿಚಾರ್ಸೋದು ಬೆಳಿಗ್ಗೆ ಅಂದ್ಕಂಡು ತೆಗ್ದುಬಿಟ್ಟೆ."

ಜನ ಒಳಗೆ ಬಂದರು. ಯಾರು ಏನೆಂದು ಕೇಳಲಿಲ್ಲ, ಎಣಿಸಲಿಲ್ಲ. ಕಣ್ಣಿಗೆ ಕಂಡ ಕೊನೆಯವನು ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಪಾಳಿ ಬದಲಾಯಿತು. ಇವರನ್ನು ವಿಚಾರಣೆಗೆ ಮೇಲಧಿಕಾರಿಯ ಬಳಿಗೆ ಕರೆದೊಯ್ದರು. ಬಾಗಿಲಿಗೆ ನಿಂತ ಬೇರೆ ಕಾವಲಿನವನಿಗೆ ಇನ್ನು ಯಾರನ್ನೂ ಬಿಡಬೇಡ ಎಂದು ಖಡಾಖಂಡಿತ ಆಜ್ಞೆಯಾಯಿತು. ಓಡಲಾಗದವರು, ಮುದುಕರನ್ನು ಹೊತ್ತವರು, ಬಸುರಿಯರು ಜೋಳದ ಹೊಲದಲ್ಲಿ ಇನ್ನೂ ನಡೆದು ಬರುತ್ತಿದ್ದರು. ಅವರು ಬಾಗಿಲು ತಲುಪುವ ಹೊತ್ತಿಗೆ ಅದು ಮುಚ್ಚಿತ್ತು. ಬೆಳಗಾಗುವವರೆಗೂ ಮುಚ್ಚೇ ಇತ್ತು, ಕೊಲ್ಲುವವರು ಅಷ್ಟರಲ್ಲಿ ಬಂದು ಹೋಗಿದ್ದರು.

ಬೆಳಿಗ್ಗೆ ಬಾಗಿಲ ಹೊರಮೈಗೆ ಒಂದು ಊರುಗೋಲು ಒರಗಿಸಿತ್ತಂತೆ. ಬಿದ್ದಿರಲಿಲ್ಲ, ಒರಗಿಸಿತ್ತು. ಇನ್ನೇನು ತೆಗೆಯುತ್ತಾರೆ ಎಂದು ಯಾರೋ ಕೋಲನ್ನು ಜೋಪಾನವಾಗಿ ಅಲ್ಲಿಟ್ಟು ಕೂತಿದ್ದರು. ಒಳಗಿದ್ದ ಒಬ್ಬ ಹೆಂಗಸು ಅದನ್ನು ಗುರುತಿಸಿದಳು. ಅವಳ ಅವ್ವನದು. ನೀವು ಕಾಯುತ್ತೀರಿ ಅಂದುಕೊಂಡಿದ್ದೆ ಎಂದು ಅವಳು ಹೇಳಿದಳೆಂದು ದುಭಾಷಿ ಇವರಿಗೆ ತಿಳಿಸಿದ.

"ಹಿಂದೆ ಯಾರಾನ ಅದಾರಾ ಅನ್ನೋದನ್ನ ಅವ್ರ ಭಾಷೇಲಿ ಹೆಂಗನ್ನೋದು ಅಂತ ಅವತ್ತೇ ದುಭಾಷಿ ತಾವ ಕಲ್ತೆ. ಆ ಭಾಷೇಲಿ ನಂಗೆ ಬರೋದು ಅದೊಂದೇ ಮಾತು" ಎಂದು ಅವರು ಟೀ ಮುಗಿಸಿದರು.

ನನಗೆ ಕಣ್ಣು ತುಂಬಿಬಂತು. ಅದನ್ನು ಮುಚ್ಚಿಕೊಳ್ಳಲು ಏನಾದರೂ ಕೇಳಬೇಕಿತ್ತು. ವಿಚಾರಣೆ ಏನಾಯಿತು ಎಂದೆ.

"ಅದು ಭಾರಿ ನಡೀತು. ಯಾಕೆ ತೆಗ್ದೆ, ಯಾರ್ನ ಕೇಳಿ ತೆಗ್ದೆ. ಬಡ್ತಿ ನಿಲ್ಲಿಸಿದ್ರು, ಅದೇನ್ ದೊಡ್ದಲ್ಲ ಬಿಡ್ರಿ. ತೆಗ್ದಿದ್ದಕ್ಕೆ ಎಲ್ರೂ ಕೇಳಿದ್ರು. ಮುಚ್ಚಿದ್ದಕ್ಕೆ ಮಾತ್ರ ಇವತ್ತಿನ್ ತನಕ ಒಬ್ರೂ ಕೇಳಿಲ್ಲ."

ಅವರು ಗ್ಲಾಸು ತೊಳೆದು ಅಂಗಡಿಯವನಿಗೆ ಕೊಟ್ಟು ಬಸ್ಸಿನ ಕಡೆ ನಡೆದರು. ನಾನು ಕೇಳಬಹುದಿತ್ತು. ಸ್ನೇಹಿತನನ್ನು ಹೇಗೆ ಕೇಳುವುದು? ಹೋಗಿ ಪಕ್ಕದಲ್ಲಿ ಕೂತೆ.

ಮಾರನೆಯ ವರ್ಷ ಅವರು ನಿವೃತ್ತರಾದರು. ಕೊನೆಯ ತರಗತಿಗೆ ನನ್ನನ್ನೂ ಕರೆದರು. "ಬೀಳ್ಕೊಡುಗೆ ಗೀಳ್ಕೊಡುಗೆ ಬ್ಯಾಡ, ಬಂದು ಹಿಂದೆ ಕೂತ್ಕಳ್ರಿ" ಎಂದರು. ಅದೇ ಪಾಠ. ಈ ಸಲ ಪಕ್ಕದ ಮನೆಯ ಉದಾಹರಣೆ ಬಿಟ್ಟು ಶಿಬಿರದ ಕತೆ ಹೇಳಿದರು. ಯಾರೋ ಹವಾಲ್ದಾರ್ ಎಂದು ಹೇಳಿ ಜಾರಿಕೊಳ್ಳಲಿಲ್ಲ, "ನಾನು" ಎಂದೇ ಹೇಳಿದರು. ಬಾಗಿಲು ತೆಗೆದ ಮಾತು ಬಂದಾಗ ತರಗತಿ ಜೋರಾಗಿ ಚಪ್ಪಾಳೆ ತಟ್ಟಿತು. ಅವರು ಕೈಯೆತ್ತಿ ನಿಲ್ಲಿಸಿದರು. ಉಳಿದದ್ದನ್ನೂ ಹೇಳಿದರು. ಊರುಗೋಲಿನ ಮಾತನ್ನೂ ಬಿಡಲಿಲ್ಲ. "ಏನಾನ ಕೇಳೋದಿದ್ರೆ ಕೇಳ್ರಿ" ಎಂದರು.

ಬಂದೂಕು ಯಾವುದಿತ್ತು ಎಂದು ಒಬ್ಬ ಕೇಳಿದ. ಆ ದೇಶದಲ್ಲಿ ಊಟ ಏನು ಎಂದು ಇನ್ನೊಬ್ಬ. ನಿಮಗೆ ಶಿಕ್ಷೆ ಕೊಟ್ಟದ್ದು ಅನ್ಯಾಯ ಸಾರ್ ಎಂದ ಮತ್ತೊಬ್ಬ. ಎಲ್ಲಕ್ಕೂ ಚುಟುಕಾಗಿ ಉತ್ತರಿಸಿದರು. ಗಂಟೆ ಹೊಡೆಯುವ ಸಮಯವಾಗಿತ್ತು. ಆಗ ಭಾಗ್ಯ ಎದ್ದು ನಿಂತಳು.

"ಸಾರ್, ಬಾಗ್ಲು ಯಾಕ್ ಮುಚ್ಚಿದ್ರಿ?"

"ಏಯ್, ಕೂತ್ಕಳೇ" ಎಂದು ಪಕ್ಕದವಳು ಅವಳ ಲಂಗ ಜಗ್ಗಿದಳು. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಗುರಾಯಿಸಿದರು.

"ಬಿಡ್ರಿ ಅವ್ಳನ್ನ" ಎಂದರು ಅವರು. ಮೇಜಿನ ಹಿಂದಿನಿಂದ ಈಚೆಗೆ ಬಂದು, ಮಿಲಿಟರಿಯವರು ನಿಲ್ಲುವಂತೆ ನೆಟ್ಟಗೆ ನಿಂತರು. ಆ ಪ್ರಶ್ನೆಗೆ ಎಷ್ಟು ವರ್ಷ ಕಾದಿದ್ದರೆಂದು ಆ ನಿಲುವಿನಲ್ಲಿ ಕಾಣುತ್ತಿತ್ತು.

"ನಮ್ ಮನೇಲಿ ದನ ಕೂಡುವಾಗ ಕೇಳ್ಬಾರ್ದು ಅಂತ ಕಲ್ಸಿದ್ರು ಮಗಳೇ. ಬಂದಿದ್ದನ್ನ ಬಿಟ್ಕಂಡು ಮುಚ್ಚೋದು. ನಾನೂ ಅಂಗೇ ಮಾಡ್ದೆ. ಯಾರು ಅಂತ ಕೇಳ್ದೆ ಇದ್ದಿದ್ದು ಸರಿ, ಅದಕ್ಕೆ ಈಗ್ಲೂ ತಲೆ ತಗ್ಸಲ್ಲ. ಆದ್ರೆ ದನಕ್ಕೆ ಬಾಯಿಲ್ಲ, ಹಿಂದೆ ಯಾರವ್ರೆ ಅಂತ ಅದು ಹೇಳಲ್ಲ. ಅವ್ರು ಮನುಷ್ಯರು. ಕೇಳಿದ್ರೆ ಹೇಳೋರು. ಉಳ್ಸೋ ಭರದಾಗೆ ಅವ್ರನ್ನ ದನ ಅಂದ್ಕಂಬಿಟ್ಟೆ."

"ನಿಮ್ಗೆ ಅವ್ರ ಭಾಷೆ ಬರ್ತಿರಲಿಲ್ವಲ್ಲ ಸಾರ್" ಎಂದಳು ಭಾಗ್ಯ. ಅವರನ್ನು ಪಾರುಮಾಡಲು ಅವಳಿಗೆ ಆಸೆ.

"ಕೈ ಇತ್ತಲ್ಲ" ಎಂದರು. ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿ, ಗದ್ದವನ್ನು ಮೇಲೆತ್ತಿದರು. ಇಷ್ಟು ವರ್ಷ ನಾವೆಲ್ಲ ನಕಲು ಮಾಡಿ ನಕ್ಕಿದ್ದ ಆ ಅಭಿನಯ. ಯಾರೂ ನಗಲಿಲ್ಲ. "ಕೇಳಿದ್ಯಲ್ಲ, ನಿಂಗೆ ಪುಣ್ಯ ಬರ್ಲಿ" ಎಂದು ಅವಳಿಗೆ ಹೇಳಿ, ಪುಸ್ತಕ ಎತ್ತಿಕೊಂಡರು. ಬಾಗಿಲಲ್ಲಿ ಮಕ್ಕಳನ್ನೆಲ್ಲ ಮುಂದೆ ಬಿಟ್ಟು ಕೊನೆಯಲ್ಲಿ ಅವರು ಬಂದರು. ಆ ದಿನ ಸ್ಟಾಫ್ ರೂಮಿನಲ್ಲಿ ಮಂಡಕ್ಕಿಯನ್ನು ನನಗಿಂತ ಹೆಚ್ಚು ತಿಂದರು.

ನಿವೃತ್ತಿಯ ಮೇಲೆ ಹಟ್ಟಿಗೆ ಹೋಗಿ ಇದ್ದರು. ಆಗಾಗ ಫೋನ್ ಮಾಡುತ್ತಿದ್ದರು. ಟಿವಿಯಲ್ಲಿ ಯಾವುದಾದರೂ ದೇಶದ ಗಡಿಯಲ್ಲಿ ಗಂಟುಮೂಟೆ ಹೊತ್ತು ನಿಂತ ಜನರನ್ನು ತೋರಿಸಿದ ದಿನ ಫೋನು ಖಂಡಿತ ಬರುತ್ತಿತ್ತು. "ನೋಡಿದ್ರಾ ಸಾಬ್ರೇ?" ಎನ್ನುವರು. ನೋಡಿದೆ ಎನ್ನುವೆ. ಆಮೇಲೆ ಇಬ್ಬರೂ ಮಳೆ ಬೆಳೆಯ ಮಾತಾಡಿ ಫೋನಿಡುತ್ತಿದ್ದೆವು. ಹೋದ ತಿಂಗಳು ಒಂದು ಬೆಳಿಗ್ಗೆ ಅವರ ನಂಬರಿನಿಂದ ತಮ್ಮ ಮಾತಾಡಿದ. ಎದೆನೋವು ಎಂದರಂತೆ, ಮೊಳಕಾಲ್ಮೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಗಿಹೋಗಿತ್ತು.

ನಾನೂ ಅಟೆಂಡರೂ ಬಸ್ಸು ಹಿಡಿದು ಹೋದೆವು. ಹಳೆಯ ವಿದ್ಯಾರ್ಥಿಗಳು ಹೊತ್ತು ಹೊತ್ತಿಗೆ ಬರುತ್ತಲೇ ಇದ್ದುದರಿಂದ ಮಣ್ಣು ಮಾಡುವುದು ಸಂಜೆಗೆ ಬಿತ್ತು. ರೊಪ್ಪದ ಆಚೆ, ಅವರದೇ ಹೊಲದಲ್ಲಿ ಗುಂಡಿ ತೋಡಿದ್ದರು. ಹೊಸ ಕರಿ ಕಂಬಳಿ ಹೊದಿಸಿದ್ದರು. ಹೊತ್ತು ಮುಳುಗುವ ಮೊದಲು ಮುಗಿಸಬೇಕೆಂದು ಹಿರಿಯರು ಆತುರ ಮಾಡುತ್ತಿದ್ದರು. ದನಗಳು ಗುಡ್ಡ ಇಳಿಯುತ್ತಿದ್ದವು. ಮೊದಲ ಹಿಡಿ ಮಣ್ಣು ತಮ್ಮನದು. ಅವನು ಬಗ್ಗಿ ಮಣ್ಣು ಹಿಡಿದುಕೊಂಡ. ನಮ್ಮಲ್ಲೂ ಮೂರು ಹಿಡಿ ಹಾಕುವ ಪದ್ಧತಿ ಇದೆ, ನಾನೂ ಬಗ್ಗಲು ಹೋದೆ.

ಬಗ್ಗಲಾಗಲಿಲ್ಲ. ಕೈ ತಾನಾಗಿ ಮೇಲೆದ್ದಿತು. ಹೆಬ್ಬೆರಳು ಹೆಗಲ ಮೇಲಿಂದ ಹಿಂದಕ್ಕೆ, ಗದ್ದ ಮೇಲಕ್ಕೆ.

"ಹಿಂದೆ ಯಾರಾನ ಅದಾರಾ?"

ನೆರೆದ ಜನ ನನ್ನ ಮುಖ ನೋಡಿದರು. ಈ ಸಾಬರಿಗೇನಾಯಿತು ಎನ್ನುವಂತೆ ಕೆಲವರು. ಅಟೆಂಡರ್ ಮಾತ್ರ ಟವೆಲಿನಿಂದ ಬಾಯಿ ಮುಚ್ಚಿಕೊಂಡು ರಸ್ತೆಯ ಕಡೆ ತಿರುಗಿದ. "ಯಾರೂ ಇಲ್ರೀ ಸಾರ್" ಎಂದು ಹೇಳಲು ಅವನಿಗೆ ಆಗಲಿಲ್ಲ. ಹಳೆಯ ವಿದ್ಯಾರ್ಥಿಗಳೂ ತಿರುಗಿದರು. ಹಟ್ಟಿಯ ದಾರಿ ಡಾಂಬರು ರಸ್ತೆಯವರೆಗೂ ಕಾಣುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ತಮ್ಮ ಮಣ್ಣು ಹಿಡಿದ ಮುಷ್ಟಿಯನ್ನು ಹಾಗೇ ಇಟ್ಟುಕೊಂಡು ನನ್ನ ಹತ್ತಿರ ಬಂದ. ಅಣ್ಣ ಪರದೇಶದ ಆ ಕತೆಯನ್ನು ಅವನಿಗೆ ಎಂದೂ ಹೇಳಿರಲಿಲ್ಲ ಎಂದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

"ಯಾರ್ಗೆ ಕಾಯ್ಬೇಕು ಸಾಬ್ರೇ?" ಎಂದು ಮೆಲ್ಲಗೆ ಕೇಳಿದ.

ನನಗೂ ಗೊತ್ತಿರಲಿಲ್ಲ. ಕತ್ತಲಾಗುವುದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು.

"ಬೆಳಿಗ್ಗೆ ಕೇಳಾನ ಬಿಡಪ್ಪ" ಎಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ಮುಷ್ಟಿ ಬಿಚ್ಚಿ ಮಣ್ಣನ್ನು ಗುಡ್ಡೆಯ ಮೇಲೆ ವಾಪಸ್ಸು ಸುರಿದು, ದಾರಿಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಕೂತರು.